ಲೋಡ್ ಸೆಲ್ ತಪ್ಪು ತೋರಿಸಿದಾಗ: ದೋಷ ಹುಡುಕುವ ಕೈಪಿಡಿ

ತೂಕದ ರೀಡಿಂಗ್ ಕೆಟ್ಟಿತೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕ್ಯಾಲಿಬ್ರೇಷನ್ ಬಟನ್ ಕಡೆಗೆ. ಅದನ್ನು ಒತ್ತಬೇಡಿ. ದೋಷ ಇಟ್ಟುಕೊಂಡೇ ಕ್ಯಾಲಿಬ್ರೇಟ್ ಮಾಡಿದರೆ ಆ ದೋಷ ಲೆಕ್ಕದೊಳಗೆ ಹೂತುಹೋಗುತ್ತದೆ. ನಾಲ್ಕು ದಿನ ಎಲ್ಲ ಸರಿಯಿದ್ದಂತೆ ಕಂಡು ಮತ್ತೆ ಕೆಡುತ್ತದೆ. ಆ ಹೊತ್ತಿಗೆ ಹೋಲಿಸಿ ನೋಡಲು ಹಳೆಯ ಸೊನ್ನೆಯೂ ಉಳಿದಿರುವುದಿಲ್ಲ. ಮೊದಲು ತೂಕ ತೋರಿಸುವ ಪೆಟ್ಟಿಗೆಯಾದ ಇಂಡಿಕೇಟರ್‌ನಲ್ಲಿ ಈಗಿರುವ ಕ್ಯಾಲಿಬ್ರೇಷನ್ ಅಂಕಿಗಳನ್ನು, ಖಾಲಿ ಇರುವಾಗಿನ ಮಿಲಿವೋಲ್ಟ್ ಅಥವಾ ಕಚ್ಚಾ ಎಣಿಕೆಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಹುಡುಕಾಟ.

ಇಲ್ಲಿ ಹೇಳುವುದು ಮುಖ್ಯವಾಗಿ ಸ್ಟ್ರೇನ್ ಗೇಜ್ ಲೋಡ್ ಸೆಲ್‌ಗಳ ಬಗ್ಗೆ. ತಕ್ಕಡಿ, ಟ್ಯಾಂಕು, ಹಾಪರ್, ಪರೀಕ್ಷಾ ಯಂತ್ರ ಎಲ್ಲದರಲ್ಲೂ ಬಹುಪಾಲು ಇರುವುದು ಇವೇ. ಬೇರೆ ಜಾತಿಯ ಬಲ ಸಂವೇದಕಗಳ ಮಾತು ಕೊನೆಯಲ್ಲಿ ಬರುತ್ತದೆ.

ಎಷ್ಟು ಸಣ್ಣ ಸಿಗ್ನಲ್ ಎಂಬುದು ತಿಳಿದಿರಲಿ

ಲೋಡ್ ಸೆಲ್ ಎಂದರೆ ಲೆಕ್ಕ ಹಾಕಿ ಕೊರೆದ ಲೋಹದ ತುಂಡು. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿದ, ಹಿಗ್ಗಿದರೂ ಕುಗ್ಗಿದರೂ ಓಂ (ವಿದ್ಯುತ್ ರೋಧ) ಬದಲಾಗುವ ನಾಲ್ಕು ಸ್ಟ್ರೇನ್ ಗೇಜ್‌ಗಳಲ್ಲಿ ಎರಡು ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ನಾಲ್ಕನ್ನೂ ವೀಟ್‌ಸ್ಟೋನ್ ಬ್ರಿಡ್ಜ್ ಎಂಬ ಚೌಕದಂಥ ಸರ್ಕ್ಯೂಟಾಗಿ, ಒಂದೊಂದು ಗೇಜ್ ಒಂದೊಂದು ತೋಳಾಗುವಂತೆ ಜೋಡಿಸಿರುತ್ತಾರೆ. ಒಂದು ಕರ್ಣಕ್ಕೆ ಎಕ್ಸೈಟೇಷನ್ ವೋಲ್ಟೇಜ್ ಕೊಟ್ಟರೆ ಇನ್ನೊಂದು ಕರ್ಣದಲ್ಲಿ ಸಿಗ್ನಲ್ ಸಿಗುತ್ತದೆ. ಮುಂದೆ ಎಕ್ಸೈಟೇಷನ್ ತಂತಿಗಳನ್ನು ಇ+, ಇ− ಎಂದೂ ಸಿಗ್ನಲ್ ತಂತಿಗಳನ್ನು ಎಸ್+, ಎಸ್− ಎಂದೂ ಬರೆಯುತ್ತೇವೆ.

2 ಮಿಲಿವೋಲ್ಟ್/ವೋಲ್ಟ್ ಸೆಲ್ಲಿಗೆ (ಕೊಟ್ಟ ಪ್ರತಿ ವೋಲ್ಟಿಗೆ ಪೂರ್ಣ ಭಾರದಲ್ಲಿ 2 ಮಿಲಿವೋಲ್ಟ್ ಸಿಗ್ನಲ್ ಕೊಡುವ ಸೆಲ್) 10 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ ಬರುವುದು ಬರೀ 20 ಮಿಲಿವೋಲ್ಟ್. ಓಂ ಲೆಕ್ಕದಲ್ಲಿ, 350 ಓಂನ ಪ್ರತಿ ಗೇಜ್ ಸೊನ್ನೆಯಿಂದ ಪೂರ್ಣ ಭಾರಕ್ಕೆ ಹೋಗುವಾಗ ಬದಲಾಗುವುದು ಸುಮಾರು 0.7 ಓಂ. ಆ 20 ಮಿಲಿವೋಲ್ಟನ್ನು ಇಂಡಿಕೇಟರ್ 10,000 ಭಾಗ ಮಾಡಿ ತೋರಿಸುತ್ತಿದ್ದರೆ ಒಂದು ಭಾಗಕ್ಕೆ 2 ಮೈಕ್ರೋವೋಲ್ಟ್. ಸಡಿಲ ಸ್ಕ್ರೂ, ಹಸಿರು ಕಟ್ಟಿದ ಟರ್ಮಿನಲ್, ಗ್ಲ್ಯಾಂಡಿನೊಳಗೆ (ಕೇಬಲ್ ಒಳಹೋಗುವ ಬಿಗಿ ಬಾಯಿ) ಇಳಿದ ಒಂದು ಹನಿ ನೀರು ಇವೆಲ್ಲ ತೂಕದಂತೆಯೇ ಕಾಣಲು ಇದೇ ಕಾರಣ.

ಲಕ್ಷಣದಿಂದ ಜಾಗ ಗುರುತಿಸುವುದು

ಸೊನ್ನೆ ಮಾತ್ರ ಸರಿದಿದೆ, ಆದರೆ ಗೊತ್ತಿರುವ ತೂಕ ಇಟ್ಟಾಗ ಏರಿಕೆ ಸರಿಯಾಗಿಯೇ ಇದೆ ಎಂದರೆ ಅತಿಭಾರದ ಪೆಟ್ಟು, ತೇವ ಅಥವಾ ಬೋಲ್ಟ್ ಬಿಗಿತ ಬದಲಾದದ್ದನ್ನು ಅನುಮಾನಿಸಿ. ಸೊನ್ನೆ ಸರಿಯಿದ್ದು ಏರಿಕೆ ಕಡಿಮೆಯಾದರೆ ಭಾರದ ಒಂದು ಪಾಲು ಬೇರೆ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದೆ, ಇಲ್ಲವೇ ಎಕ್ಸೈಟೇಷನ್ ವೋಲ್ಟೇಜ್ ಕುಸಿದಿದೆ. ತೂಕ ತೆಗೆದ ಮೇಲೂ ಸೊನ್ನೆಗೆ ಮರಳದಿದ್ದರೆ ಬಹುತೇಕ ಯಾಂತ್ರಿಕ ಉಜ್ಜಾಟ. ತೂಕವೇ ಇಲ್ಲದೆ ಗಂಟೆಗಟ್ಟಲೆ ನಿಧಾನವಾಗಿ ಜಾರುತ್ತಿದ್ದರೆ ತೇವ ಅಥವಾ ಬಿಸಿಲು. ಅಂಕಿಗಳು ಕುಣಿಯುತ್ತಿದ್ದರೆ ಶೀಲ್ಡ್, ಅರ್ಥಿಂಗ್, ಸಡಿಲ ತಂತಿ, ಕಂಪನ ಇವುಗಳಲ್ಲೊಂದು. ಒಂದೇ ಅಂಕಿಯಲ್ಲಿ ಅಂಟಿಕೊಂಡಿದ್ದರೆ ಅಥವಾ ಓವರ್‌ಲೋಡ್ ಎಂದು ತೋರಿದರೆ ತಂತಿ ತುಂಡಾಗಿದೆ, ಇಲ್ಲವೇ ಬ್ರಿಡ್ಜಿನ ಒಂದು ತೋಳು ಹೋಗಿದೆ.

ಇದು ಅಂದಾಜು ಮಾತ್ರ. ಒಂದೇ ಲಕ್ಷಣಕ್ಕೆ ಎರಡು ಕಾರಣ ಇರಬಹುದು; ಎರಡು ದೋಷ ಒಟ್ಟಿಗೇ ಬರುವುದೂ ಅಪರೂಪವಲ್ಲ. ನೀರು ನುಗ್ಗಿದ ಸೆಲ್ಲಿನ ಜಂಕ್ಷನ್ ಬಾಕ್ಸಿಗೂ (ಸೆಲ್ಲುಗಳ ತಂತಿಗಳೆಲ್ಲ ಸೇರುವ ಪೆಟ್ಟಿಗೆ) ನೀರು ನುಗ್ಗಿರುತ್ತದೆ.

ಮೀಟರ್ ತೆಗೆಯುವ ಮುಂಚೆ ಟಾರ್ಚ್ ತೆಗೆಯಿರಿ

ಸೆಲ್ ಬದಲಿಸಿದ ಮೇಲೂ ದೋಷ ಹಾಗೇ ಉಳಿಯುವ ಪ್ರಸಂಗಗಳಲ್ಲಿ ಕಾರಣ ಇರುವುದು ಸಾಮಾನ್ಯವಾಗಿ ಕಬ್ಬಿಣದಲ್ಲಿ, ವಿದ್ಯುತ್ತಿನಲ್ಲಲ್ಲ. ಭಾರವೆಲ್ಲ ಸೆಲ್ಲಿನ ಮೂಲಕವೇ ಇಳಿಯಬೇಕು, ನೇರ ಇಳಿಯಬೇಕು. ಇದೊಂದೇ ನಿಯಮ, ಇದು ಮುರಿಯುವ ಬಗೆಗಳು ಮಾತ್ರ ಹತ್ತಾರು.

ಪ್ಲಾಟ್‌ಫಾರ್ಮಿನ ಸುತ್ತಲಿನ ಸಂದಿಯನ್ನು ನೋಡಿ. ಕಲ್ಲು, ಗಟ್ಟಿಯಾದ ಧೂಳು, ಒಣಗಿದ ಸಿಮೆಂಟು ಸಿಕ್ಕಿಕೊಂಡಿದ್ದರೆ ಭಾರದ ಸ್ವಲ್ಪ ಪಾಲನ್ನು ಚೌಕಟ್ಟೇ ಹೊರುತ್ತದೆ. ಟ್ಯಾಂಕಾದರೆ ಅದಕ್ಕೆ ಜೋಡಿಸಿದ ಪೈಪುಗಳನ್ನು ಒಂದೊಂದಾಗಿ ಗಮನಿಸಿ. ಗಟ್ಟಿ ಪೈಪು ಸ್ಪ್ರಿಂಗಿನಂತೆ ಟ್ಯಾಂಕನ್ನು ಎತ್ತಿಯೋ ಒತ್ತಿಯೋ ಹಿಡಿಯುತ್ತದೆ. ಬಿಸಿ ದ್ರವ ಹರಿದಾಗ ಪೈಪು ಹಿಗ್ಗಿದರಂತೂ ಖಾಲಿ ಟ್ಯಾಂಕಿಗೂ ತೂಕ ಬರುತ್ತದೆ. ಹೊಂದಿಕೊಳ್ಳುವ ಬೆಲ್ಲೋಸ್ ಅಥವಾ ಹೋಸ್ ಬೇಕು, ಅದು ಅಡ್ಡಡ್ಡ ಇರಬೇಕು. ಟ್ಯಾಂಕು ಓಲಾಡದಂತೆ ಹಾಕಿದ ಚೆಕ್ ರಾಡ್‌ಗಳನ್ನು ಯಾರಾದರೂ ಪೂರಾ ಬಿಗಿದುಬಿಟ್ಟಿದ್ದಾರೆಯೇ ನೋಡಿ. ಅವು ಕೈಯಲ್ಲಿ ಅಲುಗಿಸಿದರೆ ಅಲುಗುವಷ್ಟು ಸಡಿಲ ಇರಬೇಕು.

ಅತಿಭಾರ ತಡೆಯುವ ಸ್ಟಾಪ್ ಬೋಲ್ಟ್‌ಗೆ ಒಂದು ವಿಶಿಷ್ಟ ಲಕ್ಷಣವಿದೆ. ಅದರ ಕೆಳಗಿನ ಸಂದಿಯಲ್ಲಿ ಕಸ ತುಂಬಿದ್ದರೆ ಒಂದು ಮಟ್ಟದವರೆಗೆ ತೂಕ ಕರಾರುವಾಕ್ಕಾಗಿ ಬರುತ್ತದೆ, ಅಲ್ಲಿಂದಾಚೆಗೆ ಏರಿಕೆ ಮಂದವಾಗುತ್ತದೆ. ತೂಕಗಳನ್ನು ಹಂತಹಂತವಾಗಿ ಏರಿಸಿ ಬರೆದುಕೊಂಡರೆ ಮುರಿಯುವ ಬಿಂದು ಎದ್ದು ಕಾಣುತ್ತದೆ. ಒಂದೇ ತೂಕ ಇಟ್ಟು ನೋಡುವವರಿಗೆ ಇದು ಸಿಗುವುದೇ ಇಲ್ಲ.

ಉಜ್ಜಾಟ ಹಿಡಿಯಲು ತೂಕಗಳನ್ನು ಏರಿಸುತ್ತ ಹೋಗಿ ರೀಡಿಂಗ್ ಬರೆಯಿರಿ, ಇಳಿಸುತ್ತ ಬಂದು ಅದೇ ಹಂತಗಳಲ್ಲಿ ಮತ್ತೆ ಬರೆಯಿರಿ. ಇಳಿಯುವಾಗಿನ ಅಂಕಿಗಳು ಮೇಲೇ ಉಳಿದರೆ ಚೌಕಟ್ಟನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ತಟ್ಟಿದೊಡನೆ ರೀಡಿಂಗ್ ಸರಿದು ನಿಜವಾದ ಬೆಲೆಗೆ ಹತ್ತಿರ ಬಂದರೆ ಎಲ್ಲೋ ಲೋಹ ಲೋಹಕ್ಕೆ ಉಜ್ಜುತ್ತಿದೆ. ಸೆಲ್ಲನ್ನು ಬೈದು ಪ್ರಯೋಜನವಿಲ್ಲ.

ಜೋಡಣೆಯಲ್ಲಿ ಆಗುವ ತಪ್ಪುಗಳು: ಬೀಮ್ ಸೆಲ್ಲಿನ ಬೋಲ್ಟ್‌ಗಳು ಸಡಿಲವಿದ್ದರೆ ಸೊನ್ನೆಗೆ ಮರಳುವುದಿಲ್ಲ, ಕೆಳಗಿನ ಪ್ಲೇಟು ಸಮತಟ್ಟಾಗಿಲ್ಲದಿದ್ದರೆ ಬಿಗಿಯುವಾಗಲೇ ಸೆಲ್ ತಿರುಚಿಕೊಂಡು ಸೊನ್ನೆ ಸರಿಯುತ್ತದೆ. ಡೇಟಾಶೀಟ್ ಹೇಳಿದ ಟಾರ್ಕ್‌ಗೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಿರಿ. ಬೀಮಿನ ತುದಿಯಲ್ಲಿರುವ ಬಾಣ ಭಾರದ ದಿಕ್ಕನ್ನು ಸೂಚಿಸುತ್ತದೆ. ತಲೆಕೆಳಗೆ ಹಾಕಿದರೆ ತೂಕ ಮೈನಸ್ಸಿನಲ್ಲಿ ಬರುತ್ತದೆ. ಎಸ್ ಆಕಾರದ ಸೆಲ್ಲಿನಲ್ಲಿ ಕೇಬಲ್ ಹೊರಡುವ ಬದಿಯನ್ನು ಅಲುಗದ ಕಡೆಗೆ ಕಟ್ಟಬೇಕು, ಇಲ್ಲದಿದ್ದರೆ ಕೇಬಲ್ಲಿನ ಎಳೆತವೂ ತೂಕಕ್ಕೆ ಸೇರುತ್ತದೆ. ಅದರ ಎರಡೂ ತುದಿಗೆ ರಾಡ್ ಎಂಡ್ ಬೇರಿಂಗ್ ಇದ್ದರೆ ಅಡ್ಡ ಬಲದ ಕಾಟ ಕಡಿಮೆ.

ನಾಲ್ಕು ಕಾಲಿನ ಟ್ಯಾಂಕುಗಳಲ್ಲಿ ಭಾರ ಹಂಚಿಕೆಯನ್ನು ಅಳೆಯಲೇಬೇಕು. 1000 ಕಿಲೋದ ನಾಲ್ಕು ಸೆಲ್, ಪ್ರತಿಯೊಂದೂ 2 ಮಿಲಿವೋಲ್ಟ್/ವೋಲ್ಟ್, ಎಕ್ಸೈಟೇಷನ್ 10 ವೋಲ್ಟ್, ಖಾಲಿ ಟ್ಯಾಂಕು 800 ಕಿಲೋ ಎಂದುಕೊಳ್ಳಿ. ಒಂದೊಂದರ ಪಾಲು 200 ಕಿಲೋ, ಅಂದರೆ 4 ಮಿಲಿವೋಲ್ಟ್. ಜಂಕ್ಷನ್ ಬಾಕ್ಸಿನಲ್ಲಿ ಸಿಗ್ನಲ್ ತಂತಿಗಳನ್ನು ಬಿಡಿಸಿ ಒಂದೊಂದನ್ನೇ ಅಳೆದಾಗ 4.1, 3.8, 4.2, 3.9 ಹೀಗೆ ಬಂದರೆ ಒಳ್ಳೆಯದು. 7.4, 0.5, 7.6, 0.5 ಬಂದರೆ ಟ್ಯಾಂಕು ಎದುರುಬದುರಿನ ಎರಡು ಕಾಲಿನ ಮೇಲೆ ನಿಂತಿದೆ, ಉಳಿದೆರಡು ಬರೀ ತಾಗಿಕೊಂಡಿವೆ. ಕಡಿಮೆ ತೋರಿಸುವ ಕಾಲಿನಡಿ ತೆಳು ಶಿಮ್ (ಲೋಹದ ಹಾಳೆ) ಕೊಟ್ಟು ಸರಿಮಾಡಿ, ಪ್ರತಿ ಸಲವೂ ನಾಲ್ಕನ್ನೂ ಮತ್ತೆ ಅಳೆಯಿರಿ, ಏಕೆಂದರೆ ಒಂದನ್ನು ಎತ್ತಿದರೆ ಉಳಿದ ಮೂರೂ ಬದಲಾಗುತ್ತವೆ. ಜಂಕ್ಷನ್ ಬಾಕ್ಸಿನ ಟ್ರಿಮ್ ಪಾಟ್ ತಿರುಗಿಸಿ ಇದನ್ನು ಸರಿಪಡಿಸಲು ಹೋಗಬೇಡಿ. ಪಾಟ್ ಇರುವುದು ಸೆಲ್‌ಗಳ ಸೂಕ್ಷ್ಮತೆಯ ಸಣ್ಣ ವ್ಯತ್ಯಾಸ ಹೊಂದಿಸಲು, ಕುಂಟುವ ಕಾಲಿಗಲ್ಲ.

ಮಲ್ಟಿಮೀಟರ್ ಪರೀಕ್ಷೆ

ಸೆಲ್ಲಿನ ಎಲ್ಲ ತಂತಿಗಳನ್ನೂ ಬಿಡಿಸಿ. ಇಂಡಿಕೇಟರಿಗೆ ಸಿಕ್ಕಿಸಿಕೊಂಡೇ ಓಂ ಅಳೆದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಮೀಟರಿನ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ, ಬರುವ ಓಂ ಬರೆದುಕೊಂಡು ಎಲ್ಲದರಿಂದ ಕಳೆಯಿರಿ. ಆಮೇಲೆ ಆರು ಜೋಡಿಗಳನ್ನು ಅಳೆಯಿರಿ.

ಸಾಮಾನ್ಯ 350 ಓಂ ಸೆಲ್ಲಿನಲ್ಲಿ ಇ+ ಮತ್ತು ಇ− ನಡುವೆ ಸುಮಾರು 385ರಿಂದ 415 ಓಂ ಬರುತ್ತದೆ. ತಾಪಮಾನದ ಪ್ರಭಾವ ಸರಿದೂಗಿಸುವ ರೆಸಿಸ್ಟರ್‌ಗಳು ಈ ದಾರಿಯಲ್ಲಿ ಸೇರಿರುವುದರಿಂದ ಇದು 350ಕ್ಕಿಂತ ಹೆಚ್ಚು. ಎಸ್+ ಮತ್ತು ಎಸ್− ನಡುವೆ 350ರ ಆಸುಪಾಸು, ಹೆಚ್ಚೆಂದರೆ 3 ಓಂ ಆಚೀಚೆ. ಉಳಿದ ನಾಲ್ಕು ಜೋಡಿಗಳು ಬ್ರಿಡ್ಜಿನ ಮೂಲೆಗಳು. ಸರಿದೂಗಿಸುವ ರೆಸಿಸ್ಟರ್ ಎರಡೂ ಬದಿಗೆ 25 ಓಂನಂತೆ ಹಂಚಿದ್ದರೆ ಪ್ರತಿ ಮೂಲೆಗೆ ಸುಮಾರು 287 ಓಂ ಬರುತ್ತದೆ. ಅಂಕಿ ಎಷ್ಟು ಎಂಬುದಕ್ಕಿಂತ ಸಮ ಇದೆಯೇ ಎಂಬುದು ಮುಖ್ಯ: ಇ+ನಿಂದ ಎಸ್+ ಮತ್ತು ಎಸ್−ಗೆ ಒಂದೇ ಬರಬೇಕು, ಇ−ನಿಂದ ಅವೆರಡಕ್ಕೂ ಒಂದೇ ಬರಬೇಕು. 700 ಅಥವಾ 1000 ಓಂ ಸೆಲ್‌ಗಳೂ ಇವೆ. ಅವಕ್ಕೆ ಡೇಟಾಶೀಟಿನ ಅಂಕಿಯೇ ಗತಿ.

ಒಂದು ತೋಳು ಪೂರ್ತಿ ತುಂಡಾಗಿದ್ದರೆ ಚಿತ್ರ ಸ್ಪಷ್ಟ. ಸಿಗ್ನಲ್ ಜೋಡಿ 350ರ ಬದಲು 700 ಓಂ ತೋರಿಸುತ್ತದೆ. ಎಕ್ಸೈಟೇಷನ್ ಜೋಡಿ 750ರ ಹತ್ತಿರ ಹೋಗುತ್ತದೆ. ತುಂಡಾದ ತೋಳಿನ ಮೂಲೆ ಸಾವಿರ ಓಂ ದಾಟುತ್ತದೆ. ಯಾವ ಜೋಡಿಗೆ ಅತಿ ಹೆಚ್ಚು ಬಂತೋ ಆ ತೋಳೇ ಹೋಗಿದೆ. ಒಂದೇ ತಂತಿಗೆ ಸೇರಿದ ಮೂರೂ ಜೋಡಿ ಓಪನ್ ತೋರಿಸಿದರೆ ಗೇಜ್ ಹೋಗಿಲ್ಲ, ಕೇಬಲ್ಲಿನಲ್ಲಿ ಆ ತಂತಿ ತುಂಡಾಗಿದೆ. ಮೀಟರ್ ಹಿಡಿದುಕೊಂಡೇ ಕೇಬಲ್ಲನ್ನು ಗ್ಲ್ಯಾಂಡಿನ ಹತ್ತಿರ, ಬಾಗಿದ ಕಡೆಗಳಲ್ಲಿ ಅಲುಗಿಸಿ ನೋಡಿ. ಒಮ್ಮೆ ಬಂದು ಒಮ್ಮೆ ಹೋಗುವ ದೋಷ ಇಲ್ಲೇ ಸಿಗುತ್ತದೆ.

ಓಂ ಪರೀಕ್ಷೆಯಲ್ಲಿ ಎಲ್ಲವೂ ಸರಿ ಎಂದಾಕ್ಷಣ ಸೆಲ್ ಸರಿ ಎಂದುಕೊಳ್ಳಬೇಡಿ. ಒಂದು ತೋಳು 1 ಓಂ ಬದಲಾದರೂ ಮೂಲೆಯಲ್ಲಿ ಕಾಣುವುದು ಅರ್ಧ ಓಂ ಚಿಲ್ಲರೆ. ಆ 1 ಓಂ ಸೊನ್ನೆಯನ್ನು ಸುಮಾರು 0.7 ಮಿಲಿವೋಲ್ಟ್/ವೋಲ್ಟ್‌ನಷ್ಟು, ಅಂದರೆ ಪೂರ್ಣ ಭಾರದ 35 ಶೇಕಡಾದಷ್ಟು ತಳ್ಳಿಬಿಟ್ಟಿರುತ್ತದೆ. ಕೈ ಮೀಟರಿನ ಓಂ ವ್ಯಾಪ್ತಿ ಹಿಡಿಯುವುದು ಸತ್ತ ಸೆಲ್‌ಗಳನ್ನು. ಕಾಯಿಲೆ ಬಿದ್ದದ್ದನ್ನು ಹಿಡಿಯಲು ಮಿಲಿವೋಲ್ಟ್ ಬೇಕು.

ಸೊನ್ನೆಯ ಮಿಲಿವೋಲ್ಟ್

ಸೆಲ್ಲಿನ ಮೇಲಿನ ಭಾರವನ್ನೆಲ್ಲ ಇಳಿಸಿ. ಪ್ಲಾಟ್‌ಫಾರ್ಮನ್ನೂ ಎತ್ತಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಪ್ಲಾಟ್‌ಫಾರ್ಮಿನ ತೂಕವನ್ನು. ಸ್ಥಿರವಾದ 10 ವೋಲ್ಟ್ ಕೊಟ್ಟು ಎಸ್+ ಮತ್ತು ಎಸ್− ನಡುವೆ ಅಳೆಯಿರಿ. ಇ+ ಮತ್ತು ಇ− ನಡುವೆ ನಿಜವಾಗಿ ಎಷ್ಟು ವೋಲ್ಟ್ ಇದೆಯೆಂದೂ ಅಳೆದು ಭಾಗಿಸಿ. ಹೊಸ ಸೆಲ್‌ಗಳಲ್ಲಿ ಸೊನ್ನೆ ಸಾಮಾನ್ಯವಾಗಿ ಪೂರ್ಣ ಸಿಗ್ನಲಿನ 1 ಶೇಕಡಾದೊಳಗೆ, ಅಂದರೆ 20 ಮಿಲಿವೋಲ್ಟ್ ಸೆಲ್ಲಿನಲ್ಲಿ 0.2 ಮಿಲಿವೋಲ್ಟಿನೊಳಗೆ ಇರುತ್ತದೆ. ಜತೆಗೆ ಬಂದ ಪರೀಕ್ಷಾ ಪತ್ರ ಇದ್ದರೆ ಅದರಲ್ಲಿರುವ ಅಂಕಿಗೆ ಹೋಲಿಸಿ.

ಸೊನ್ನೆ ಗಣನೀಯವಾಗಿ ಸರಿದು ಅಲ್ಲೇ ನಿಂತಿದ್ದರೆ ಲೋಹ ಶಾಶ್ವತವಾಗಿ ಬಾಗಿದೆ. ಹೆಚ್ಚಿನ ಸೆಲ್‌ಗಳು ತಮ್ಮ ಸಾಮರ್ಥ್ಯದ 150 ಶೇಕಡಾದವರೆಗೆ ಭಾರ ತಡೆಯುತ್ತವೆ, ಆದರೆ ಮೇಲಿಂದ ಬಿದ್ದ ಚೀಲ ಕ್ಷಣಮಾತ್ರಕ್ಕೆ ತನ್ನ ತೂಕದ ಹಲವು ಪಟ್ಟು ಬಲ ಕೊಡುತ್ತದೆ. ಸೊನ್ನೆ 2, 3 ಶೇಕಡಾ ಸರಿದಿದ್ದು ತೂಕಗಳ ಏರಿಕೆ ಇಳಿಕೆ ಎರಡೂ ಸರಿಯಿದ್ದರೆ ಸೆಲ್ಲನ್ನು ಬಳಸಬಹುದು, ಕಣ್ಣಿಟ್ಟಿರಿ. 10 ಶೇಕಡಾ ಮೀರಿ ಸರಿದದ್ದನ್ನು ನಂಬಬೇಡಿ. ಇಂಡಿಕೇಟರ್ ಅದನ್ನು ಸೊನ್ನೆ ಮಾಡಿ ತೋರಿಸಬಲ್ಲದು ಎಂಬುದು ಸೆಲ್ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ.

ಮೀಟರಿನಲ್ಲಿ ಮಿಲಿವೋಲ್ಟ್ ಕಾಣುತ್ತಿರುವಾಗಲೇ ಸೆಲ್ಲನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ಹಗುರವಾಗಿ ತಟ್ಟಿ. ಒಳ್ಳೆಯ ಸೆಲ್ ಒಮ್ಮೆ ಅಲುಗಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತದೆ. ತಟ್ಟಿದಾಗೆಲ್ಲ ಬೇರೆ ಬೇರೆ ಜಾಗದಲ್ಲಿ ನಿಂತರೆ ಒಳಗಿನ ಬೆಸುಗೆ ಬಿಟ್ಟಿದೆ ಅಥವಾ ಗೇಜಿನ ಅಂಟು ಬಿಟ್ಟಿದೆ. ಕೆಲವೇ ಕಿಲೋ ಸಾಮರ್ಥ್ಯದ ಸೆಲ್ಲಿಗೆ ಈ ಪರೀಕ್ಷೆ ಬೇಡ, ಬೆರಳಿನಿಂದ ಒತ್ತಿ ಬಿಟ್ಟರೆ ಸಾಕು.

ತೇವ

ಇಂಡಿಕೇಟರಿನಿಂದ ಬಿಡಿಸಿದ ಸೆಲ್ಲಿನ ನಾಲ್ಕೂ ತಂತಿಗಳನ್ನು ಒಟ್ಟಿಗೆ ಹುರಿಮಾಡಿ, ಅವುಗಳಿಗೂ ಸೆಲ್ಲಿನ ಮೈಗೂ ನಡುವೆ ಇನ್ಸುಲೇಷನ್ ಅಳೆಯಿರಿ. ತಂತಿಗಳಿಗೂ ಶೀಲ್ಡಿಗೂ ನಡುವೆ ಇನ್ನೊಮ್ಮೆ. ಆರೋಗ್ಯವಾಗಿರುವ ಸೆಲ್ 5000 ಮೆಗಾಓಂ ಅಥವಾ ಹೆಚ್ಚು ತೋರಿಸುತ್ತದೆ. ಪರೀಕ್ಷಾ ವೋಲ್ಟೇಜ್ 50 ವೋಲ್ಟ್ ಸಾಕು. ಡೇಟಾಶೀಟ್ ಅನುಮತಿಸದ ಹೊರತು ವೈರಿಂಗ್‌ಗೆ ಬಳಸುವ 500 ವೋಲ್ಟ್ ಮೆಗ್ಗರನ್ನು (ಇನ್ಸುಲೇಷನ್ ಅಳೆಯುವ ಮೀಟರ್) ಹತ್ತಿರವೂ ತರಬೇಡಿ. ಗೇಜ್ ಮತ್ತು ಲೋಹದ ನಡುವೆ ಇರುವುದು ತೆಳ್ಳನೆಯ ಅಂಟಿನ ಪದರ, ಅದು ಸುಟ್ಟುಹೋದರೆ ಪರೀಕ್ಷೆಯೇ ದೋಷವಾಗುತ್ತದೆ. ಎರಡು ತಂತಿಗಳ ನಡುವೆ ಮೆಗ್ಗರ್ ಹಿಡಿಯುವುದಂತೂ ಕೂಡದೇ ಕೂಡದು.

ಅಷ್ಟೊಂದು ಮೆಗಾಓಂ ಏಕೆ ಬೇಕು? ಇ+ ಮತ್ತು ಎಸ್+ ನಡುವೆ ತೇವದಿಂದ 1 ಮೆಗಾಓಂ ಸೋರಿಕೆ ಆಯಿತೆನ್ನಿ. 350 ಓಂ ಬ್ರಿಡ್ಜಿನಲ್ಲಿ ಅದು 0.0875 ಮಿಲಿವೋಲ್ಟ್/ವೋಲ್ಟ್ ಹುಸಿ ಸಿಗ್ನಲ್ ಹುಟ್ಟಿಸುತ್ತದೆ. 2 ಮಿಲಿವೋಲ್ಟ್/ವೋಲ್ಟ್ ಸೆಲ್ಲಿಗೆ ಪೂರ್ಣ ಭಾರದ 4.4 ಶೇಕಡಾ. 100 ಮೆಗಾಓಂ ಸೋರಿಕೆಯೂ 0.044 ಶೇಕಡಾ ತಪ್ಪು ತರುತ್ತದೆ, ಅಂದರೆ 3000 ಭಾಗದ ತಕ್ಕಡಿಯಲ್ಲಿ ಒಂದು ಭಾಗಕ್ಕಿಂತ ಜಾಸ್ತಿ. ಬೆಳಿಗ್ಗೆ ತಪ್ಪು ತೋರಿಸಿ ಮಧ್ಯಾಹ್ನ ಬಿಸಿಲೇರಿದ ಮೇಲೆ ಸರಿಹೋಗುವ ತಕ್ಕಡಿಯಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.

ನೀರು ಸೆಲ್ಲಿನ ಮೈ ಸೀಳಿಕೊಂಡು ಬರುವುದು ಕಡಿಮೆ. ಕೇಬಲ್ಲಿನ ಹೊರಸಿಪ್ಪೆಯಲ್ಲಿ ಎಲ್ಲೋ ಇಲಿ ಕಚ್ಚಿದ ಗಾಯ ಇರುತ್ತದೆ, ಅಥವಾ ಜಂಕ್ಷನ್ ಬಾಕ್ಸಿನಲ್ಲಿ ನೀರು ನಿಂತಿರುತ್ತದೆ. ಅಲ್ಲಿಂದ ಶೀಲ್ಡಿನ ಎಳೆಗಳು ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಸೆಲ್ಲಿನವರೆಗೆ ಹೀರಿಕೊಂಡು ಹೋಗುತ್ತವೆ. ಒಣಗಿಸಿದರೆ ತಾತ್ಕಾಲಿಕವಾಗಿ ಸರಿಯಾಗುತ್ತದೆ, ಆದರೆ ಗೇಜಿನ ಅಂಟಿಗೆ ತೇವ ತಗುಲಿದ ಸೆಲ್ ಮತ್ತೆ ಕೈಕೊಡುತ್ತದೆ, ಬದಲಿಸುವುದೇ ಲೇಸು. ಬದಲಿಸುವಾಗ ಕೇಬಲ್ಲನ್ನು ಬಾಕ್ಸಿಗೆ ಕೆಳಗಿನಿಂದ ಒಳಸೇರಿಸಿ, ಮುಂಚೆ ಒಂದು ಜೋಲು ಬಿಡಿ, ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕಲಿ. ಬಳಸದ ಗ್ಲ್ಯಾಂಡ್ ತೂತುಗಳಿಗೆ ಬಿರಡೆ ಹಾಕಿ.

ತಂತಿ, ಬಣ್ಣ, ಉದ್ದ

ಕೆಂಪು ಇ+, ಕಪ್ಪು ಇ−, ಹಸಿರು ಎಸ್+, ಬಿಳಿ ಎಸ್− ಎಂಬುದು ಹೆಚ್ಚು ಬಳಕೆಯಲ್ಲಿರುವ ಬಣ್ಣಗಳ ಕ್ರಮ. ಎಲ್ಲ ತಯಾರಕರೂ ಇದನ್ನು ಪಾಲಿಸುವುದಿಲ್ಲ. ಕೆಂಪು ತಂತಿಯೇ ಎಸ್− ಆಗಿರುವ ಸೆಲ್‌ಗಳಿವೆ. ಡೇಟಾಶೀಟ್ ಕಳೆದುಹೋಗಿದ್ದರೆ ಆರು ಜೋಡಿಗಳ ಓಂ ಅಳೆಯಿರಿ: ಅತಿ ಹೆಚ್ಚು ಓಂ ಬಂದ ಜೋಡಿ ಎಕ್ಸೈಟೇಷನ್, ಉಳಿದ ಎರಡು ತಂತಿ ಸಿಗ್ನಲ್. ಪ್ಲಸ್ ಮೈನಸ್ ಯಾವುದೆಂದು ಭಾರ ಹಾಕಿದಾಗ ಗೊತ್ತಾಗುತ್ತದೆ. ತೂಕ ಕೆಳಗಿಳಿದರೆ ಎಸ್ ತಂತಿಗಳನ್ನು ಅದಲುಬದಲು ಮಾಡಿ.

ಎಕ್ಸೈಟೇಷನ್ ಜೋಡಿಯ ಒಂದು ತಂತಿಯೂ ಸಿಗ್ನಲ್ ಜೋಡಿಯ ಒಂದು ತಂತಿಯೂ ಅದಲುಬದಲಾದರೆ ಕೂಡಲೇ ಓವರ್‌ಲೋಡ್ ಬರುತ್ತದೆ, ತಪ್ಪು ಬಚ್ಚಿಟ್ಟುಕೊಳ್ಳುವುದಿಲ್ಲ. ಜೋಡಿಗೆ ಜೋಡಿಯೇ ಅದಲುಬದಲಾದರೆ ಕಷ್ಟ. ತಕ್ಕಡಿ ಕೆಲಸ ಮಾಡುತ್ತದೆ, ತೂಕಕ್ಕೆ ತಕ್ಕಂತೆ ಏರುತ್ತದೆ, ಆದರೆ ಇನ್‌ಪುಟ್ 400 ಓಂ ಇರುವ ಸೆಲ್ಲಿನಲ್ಲಿ ಸುಮಾರು 14 ಶೇಕಡಾ ಹೆಚ್ಚು ತೋರಿಸುತ್ತದೆ. ಸರಿದೂಗಿಸುವ ರೆಸಿಸ್ಟರ್‌ಗಳು ಈಗ ಸಿಗ್ನಲ್ ದಾರಿಯಲ್ಲಿ ಕೂತಿವೆ, ಅಲ್ಲಿ ಅವಕ್ಕೆ ಕೆಲಸವಿಲ್ಲ. ಯಾರಾದರೂ ಕ್ಯಾಲಿಬ್ರೇಟ್ ಮಾಡಿ ಆ 14 ಶೇಕಡಾವನ್ನು ಮುಚ್ಚಿಬಿಟ್ಟರೆ ಉಳಿಯುವುದು ಬಿಸಿಲು ನೆರಳಿಗೆ ಸ್ಪ್ಯಾನ್ (ಸೊನ್ನೆಯಿಂದ ಪೂರ್ಣ ಭಾರದವರೆಗಿನ ಏರಿಕೆ) ಬದಲಾಗುವ ವಿಚಿತ್ರ ತಕ್ಕಡಿ. ಅಂಥದ್ದು ಸಿಕ್ಕರೆ ಆರು ಜೋಡಿಗಳ ಓಂ ಅಳೆದು ತಂತಿಗಳ ಗುರುತು ಮತ್ತೊಮ್ಮೆ ಪರೀಕ್ಷಿಸಿ.

ನಾಲ್ಕು ತಂತಿಯ ಸೆಲ್ಲಿನ ಕೇಬಲ್ ಕತ್ತರಿಸಬಾರದು. ಕಾರ್ಖಾನೆಯಲ್ಲಿ ಆ ಉದ್ದದೊಂದಿಗೇ ಅದನ್ನು ಕ್ಯಾಲಿಬ್ರೇಟ್ ಮಾಡಿರುತ್ತಾರೆ. 0.25 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಮೀಟರಿಗೆ 0.07 ಓಂ, 10 ಮೀಟರ್ ಹೋಗಿ ಬರಲು 1.4 ಓಂ. 400 ಓಂ ಸೆಲ್ಲಿಗೆ ಇದು 0.35 ಶೇಕಡಾ ನಷ್ಟ. ತಾಮ್ರದ ಓಂ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುವುದರಿಂದ ಆ ನಷ್ಟವೂ ಹವೆಯ ಜತೆ ಬದಲಾಗುತ್ತದೆ. ಹೆಚ್ಚಿನ ಉದ್ದ ಸುರುಳಿ ಸುತ್ತಿಡಿ. ಇನ್ನೂ ದೂರ ಎಳೆಯಬೇಕಾದರೆ ಆರು ತಂತಿಯ ಕೇಬಲ್ ಬಳಸಿ: ಸೆನ್ಸ್ ತಂತಿಗಳು ಸೆಲ್ಲಿನ ಅಥವಾ ಜಂಕ್ಷನ್ ಬಾಕ್ಸಿನ ಬಳಿ ನಿಜವಾಗಿ ತಲುಪಿದ ವೋಲ್ಟೇಜನ್ನು ಇಂಡಿಕೇಟರಿಗೆ ತಿಳಿಸುತ್ತವೆ. ಆರು ತಂತಿಯ ಇಂಡಿಕೇಟರಿಗೆ ನಾಲ್ಕು ತಂತಿಯ ಸೆಲ್ ಕಟ್ಟುವಾಗ ಸೆನ್ಸ್ ಟರ್ಮಿನಲ್‌ಗಳಿಗೆ ಇ+, ಇ−ನಿಂದ ಜಂಪರ್ ಹಾಕಲು ಮರೆತರೆ ಎರರ್ ಬರುತ್ತದೆ ಅಥವಾ ಅಂಕಿ ಎತ್ತೆತ್ತಲೋ ಓಡುತ್ತದೆ.

ಹಲವು ಸೆಲ್‌ಗಳಿರುವ ಕಡೆ

ಒಂದೇ ತೂಕವನ್ನು ಒಂದೊಂದು ಮೂಲೆಯಲ್ಲೂ ಇಟ್ಟು ನೋಡಿ. ಒಂದು ಮೂಲೆಯಲ್ಲಿ ಮಾತ್ರ ತೀರಾ ಕಡಿಮೆ ಬಂದರೆ ಆ ಸೆಲ್ಲಿನ ತಂತಿ ಬಿಟ್ಟಿದೆ. ಅಂಕಿ ಕುಣಿಯುತ್ತಿದ್ದರೆ ಜಂಕ್ಷನ್ ಬಾಕ್ಸಿನಲ್ಲಿ ಒಂದೊಂದೇ ಸೆಲ್ಲಿನ ಎಲ್ಲ ತಂತಿಗಳನ್ನೂ ಬಿಡಿಸಿ. ಯಾವುದನ್ನು ಬಿಡಿಸಿದಾಗ ಸ್ತಬ್ಧವಾಯಿತೋ ಅದೇ ಆರೋಪಿ. ಯಾವುದನ್ನು ಬಿಡಿಸಿದರೂ ಕುಣಿತ ನಿಲ್ಲದಿದ್ದರೆ ಬಾಕ್ಸು, ಮುಖ್ಯ ಕೇಬಲ್ಲು ಅಥವಾ ಇಂಡಿಕೇಟರು. 400 ಓಂನ ನಾಲ್ಕು ಸೆಲ್ ಸಮಾಂತರದಲ್ಲಿ 100 ಓಂ ಆಗುತ್ತವೆ, 10 ವೋಲ್ಟಿಗೆ 100 ಮಿಲಿಆಂಪ್ ಎಳೆಯುತ್ತವೆ. ಎಂಟು ಸೆಲ್ಲಿಗೆ ಅದರ ಎರಡರಷ್ಟು. ಇ+ ಇ− ನಡುವಿನ ವೋಲ್ಟೇಜ್ ಕುಸಿದಿದ್ದರೆ ಇಂಡಿಕೇಟರಿಗೆ ಅಷ್ಟು ಕೊಡುವ ಶಕ್ತಿ ಇದೆಯೇ, ಯಾವುದಾದರೂ ಸೆಲ್ ಶಾರ್ಟ್ ಆಗಿದೆಯೇ ನೋಡಿ.

ಸೆಲ್ಲೋ ಇಂಡಿಕೇಟರೋ?

ಲೋಡ್ ಸೆಲ್ ಸಿಮ್ಯುಲೇಟರ್ (ಸೆಲ್ಲಿನಂತೆಯೇ ಗೊತ್ತಿರುವ ಸಿಗ್ನಲ್ ಕೊಡುವ ಉಪಕರಣ) ಇದ್ದರೆ ಎರಡು ನಿಮಿಷದ ಕೆಲಸ. ಸೆಲ್ ಬಿಡಿಸಿ ಸಿಮ್ಯುಲೇಟರ್ ಕಟ್ಟಿ. ಆಗಲೂ ಅಂಕಿ ಜಾರಿದರೆ ಸೆಲ್ ನಿರಪರಾಧಿ. ಸಿಮ್ಯುಲೇಟರ್ ಇಲ್ಲದಿದ್ದರೆ ಒಂದು ನಿಖರವಾದ 100 ಕಿಲೋಓಂ ರೆಸಿಸ್ಟರ್ ಸಾಕು. ಭಾರವಿಲ್ಲದ 350 ಓಂ ಸೆಲ್ಲಿನ ಇ+ ಮತ್ತು ಎಸ್+ ನಡುವೆ ಅದನ್ನು ಹಿಡಿದರೆ ಸಿಗ್ನಲ್ ಸುಮಾರು 0.87 ಮಿಲಿವೋಲ್ಟ್/ವೋಲ್ಟ್‌ನಷ್ಟು ಏರಬೇಕು, 2 ಮಿಲಿವೋಲ್ಟ್/ವೋಲ್ಟ್ ಸೆಲ್ಲಿನಲ್ಲಿ ಪೂರ್ಣ ಭಾರದ 44 ಶೇಕಡಾ. ಅಷ್ಟು ಏರಿದರೆ ಕೇಬಲ್ಲಿನಿಂದ ಡಿಸ್‌ಪ್ಲೇವರೆಗಿನ ವಿದ್ಯುತ್ ದಾರಿ ಸರಿಯಿದೆ. ಆದರೂ ತೂಕ ತಪ್ಪಾದರೆ ತೊಂದರೆ ಲೋಹದಲ್ಲಿ ಅಥವಾ ಅಂಟಿನಲ್ಲಿ. ವ್ಯವಸ್ಥೆ ಸರಿಯಿರುವಾಗಲೇ ಈ ಅಂಕಿಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಬಹಳ ಸಮಯ ಉಳಿಯುತ್ತದೆ.

ಎಚ್‌ಎಕ್ಸ್711 ಚಿಪ್ಪಿನ (ಸೆಲ್ಲಿನ ಸಿಗ್ನಲನ್ನು ಅಂಕಿಯಾಗಿ ಬದಲಿಸುವ ಚಿಪ್ಪು) ಸಣ್ಣ ಬೋರ್ಡ್‌ಗಳಲ್ಲಿ ದೋಷಗಳು ಬೇರೆ ರೀತಿಯವು. ರೀಡಿಂಗ್ 8388607 ಅಥವಾ −8388608ರಲ್ಲಿ ಅಂಟಿಕೊಂಡಿದ್ದರೆ ಇನ್‌ಪುಟ್ ವ್ಯಾಪ್ತಿ ಮೀರಿದೆ. ತುಂಡಾದ ಅಥವಾ ತಪ್ಪು ಕಟ್ಟಿದ ತಂತಿ ಹುಡುಕಿ. ಸದಾ −1 ಬಂದರೆ ಡೇಟಾ ತಂತಿಯಲ್ಲಿ 24 ಬಿಟ್ಟೂ ಮೇಲೇ ಇವೆ, ಅಂದರೆ ಚಿಪ್ಪು ಉತ್ತರಿಸುತ್ತಲೇ ಇಲ್ಲ. ನಡುನಡುವೆ ಎರಡರಷ್ಟು ಅಥವಾ ಅಸಂಬದ್ಧ ಅಂಕಿ ಬಂದರೆ ಓದುವಾಗ ಇಂಟರಪ್ಟ್ ಅಡ್ಡ ಬಂದಿದೆ: ಕ್ಲಾಕ್ ತಂತಿ 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆ ನಿಂತರೆ ಚಿಪ್ಪು ನಿದ್ದೆಗೆ ಜಾರುತ್ತದೆ. ಓದುವಷ್ಟು ಹೊತ್ತು ಇಂಟರಪ್ಟ್ ತಡೆಹಿಡಿಯಿರಿ. ಗದ್ದಲ ಹೆಚ್ಚಿದ್ದರೆ ಸೆಕೆಂಡಿಗೆ 80ರ ಬದಲು 10 ರೀಡಿಂಗಿಗೆ ಇಳಿಸಿ; ಆಗ ರೀಡಿಂಗ್ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಬೇಕೆಂಬುದು ನೆನಪಿರಲಿ. ಕೆಲವು ಅಗ್ಗದ ಬೋರ್ಡ್‌ಗಳಲ್ಲಿ ಇ− ಟರ್ಮಿನಲ್ ಗ್ರೌಂಡಿಗೆ ಸೇರಿರುವುದೇ ಇಲ್ಲ, ಮೀಟರಿನಲ್ಲಿ ಒಮ್ಮೆ ನೋಡಿಕೊಳ್ಳಿ. ಮನೆಯ ತೂಕದ ಯಂತ್ರದಿಂದ ಬಿಚ್ಚಿದ ಮೂರು ತಂತಿಯ ಸೆಲ್‌ಗಳು ಅರ್ಧ ಬ್ರಿಡ್ಜ್ ಮಾತ್ರ. ಅವುಗಳಲ್ಲಿ ಒಂದು ಜೋಡಿಗೆ ಉಳಿದೆರಡರ ಎರಡರಷ್ಟು ಓಂ ಬರುತ್ತದೆ. ಆ ಜೋಡಿಗೆ ಸೇರದ ತಂತಿ ನಡುವಿನದು. ಒಂದೇ ಸೆಲ್ ಕಟ್ಟಿದರೆ ಸಾಲದು, ಇನ್ನೊಂದು ಸೆಲ್ ಅಥವಾ ಎರಡು ಸ್ಥಿರ ರೆಸಿಸ್ಟರ್ ಬೇಕು.

ಗದ್ದಲ ಮತ್ತು ವೆಲ್ಡಿಂಗ್

ಶೀಲ್ಡನ್ನು ಒಂದೇ ತುದಿಯಲ್ಲಿ, ಸಾಮಾನ್ಯವಾಗಿ ಇಂಡಿಕೇಟರ್ ಬಳಿ, ಅರ್ಥ್ ಮಾಡಿ. ಎರಡೂ ತುದಿಯಲ್ಲಿ ಕಟ್ಟಿದರೆ ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸದ ಕರೆಂಟು ಶೀಲ್ಡಿನಲ್ಲಿ ಹರಿಯುತ್ತದೆ. ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳ ಕೇಬಲ್ ಜತೆ ಒಂದೇ ಟ್ರೇಯಲ್ಲಿ ಓಡಿಸಬೇಡಿ. ಮೋಟಾರ್ ನಿಲ್ಲಿಸಿದಾಗ ಅಂಕಿ ನಿಂತರೆ, ಮೋಟಾರನ್ನು ಕೈಯಲ್ಲಿ ಅಲುಗಿಸಿಯೂ ನೋಡಿ: ಆಗಲೂ ಕುಣಿದರೆ ಅದು ಕಂಪನ, ವಿದ್ಯುತ್ ಗದ್ದಲವಲ್ಲ.

ಟ್ಯಾಂಕಿನ ಮೇಲೆ ವೆಲ್ಡಿಂಗ್ ಮಾಡಿದ ಮಾರನೆಯ ದಿನ ಕೆಟ್ಟ ಸೆಲ್ಲಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಅರ್ಥ್ ಕ್ಲ್ಯಾಂಪ್ ದೂರದಲ್ಲಿದ್ದರೆ ವೆಲ್ಡಿಂಗ್ ಕರೆಂಟು ಸೆಲ್ಲಿನ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ಸಾಧ್ಯವಿದ್ದರೆ ಸೆಲ್ ಬಿಚ್ಚಿ ಅದರ ಜಾಗಕ್ಕೆ ಕಬ್ಬಿಣದ ತುಂಡಿಟ್ಟು ವೆಲ್ಡ್ ಮಾಡಿ. ಆಗದಿದ್ದರೆ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗಕ್ಕೇ ಹಚ್ಚಿ, ಸೆಲ್ಲಿನ ಮೇಲು ಕೆಳಗಿನ ಪ್ಲೇಟುಗಳನ್ನು ದಪ್ಪ ತಾಮ್ರದ ಹೆಣಿಗೆಯಿಂದ ಜೋಡಿಸಿ. ಈ ಹೆಣಿಗೆ ಸದಾ ಇದ್ದರೆ ಸಿಡಿಲಿನ ಹೊಡೆತಕ್ಕೂ ಸ್ವಲ್ಪ ರಕ್ಷಣೆ. ಆದರೆ ಬಿಗಿಯಾಗಿರದೆ ಜೋತುಬಿದ್ದಂತಿರಲಿ, ಇಲ್ಲದಿದ್ದರೆ ಅದೇ ಭಾರ ಹೊರುತ್ತದೆ.

ಸ್ಟ್ರೇನ್ ಗೇಜ್ ಅಲ್ಲದವು

ಒತ್ತಿದಾಗ ಓಂ ಇಳಿಯುವ ತೆಳು ಹಾಳೆಯ ಸೆನ್ಸರ್ ಒತ್ತಡವಿಲ್ಲದಾಗ ಮೆಗಾಓಂ ಲೆಕ್ಕದಲ್ಲಿರುತ್ತದೆ, ಒತ್ತಿದಾಗ ಕಿಲೋಓಂಗಳಿಗೆ ಇಳಿಯುತ್ತದೆ. ಒಂದೇ ಭಾರಕ್ಕೆ ಹತ್ತು ಸಲ ಹತ್ತು ಅಂಕಿ ಕೊಟ್ಟರೆ ಅದು ದೋಷವಲ್ಲ, ಅದರ ಸ್ವಭಾವ. ಒತ್ತಿದ್ದಾರೋ ಇಲ್ಲವೋ ತಿಳಿಯಲು ಅದು ಸರಿ, ತೂಗಲು ಅಲ್ಲ. ನಿಜವಾದ ದೋಷಗಳು ಬಾಲ ಮಡಚಿದ್ದರಿಂದ ಅಥವಾ ಬೆಸುಗೆಯ ಶಾಖಕ್ಕೆ ಪ್ಲಾಸ್ಟಿಕ್ ಕರಗಿದ್ದರಿಂದ ಬರುತ್ತವೆ. ಭಾರ ಒಂದೇ ಜಾಗಕ್ಕೆ ಬೀಳುವಂತೆ ಮೇಲೊಂದು ಸಣ್ಣ ಗಟ್ಟಿ ರಬ್ಬರ್ ಬಿಲ್ಲೆ ಅಂಟಿಸಿದರೆ ಅರ್ಧ ದೂರು ಮುಗಿಯುತ್ತದೆ.

ಪೀಜೋ ಸೆನ್ಸರ್ ಕೊಡುವುದು ಚಾರ್ಜು. ಸ್ಫಟಿಕ ಶಿಲೆಯ ಒಂದು ಬಿಲ್ಲೆಗೆ ಪ್ರತಿ ನ್ಯೂಟನ್ನಿಗೆ ಸುಮಾರು 2.3 ಪಿಕೋಕೂಲಂಬ್. ಭಾರ ಹಾಗೇ ಇದ್ದರೂ ಆ ಚಾರ್ಜು ಸೋರುತ್ತ ಹೋಗುವುದರಿಂದ ನಿಂತ ತೂಕವನ್ನು ಹೆಚ್ಚು ಹೊತ್ತು ಅಳೆಯಲಾಗದು. ರೀಡಿಂಗ್ ಮಾಮೂಲಿಗಿಂತ ಬೇಗ ಒಂದು ಕಡೆಗೆ ಓಡುತ್ತಿದ್ದರೆ ಕನೆಕ್ಟರಿನಲ್ಲಿ ಬೆರಳಿನ ಜಿಡ್ಡು ಅಥವಾ ತೇವ ಕೂತಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರಾ ಒಣಗಿಸಿ, ಬಳಸದಾಗ ಮುಚ್ಚಳ ಹಾಕಿಡಿ. ಕೇಬಲ್ ಅಲುಗಿದಾಗ ಸಿಗ್ನಲ್ ಬಂದರೆ ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಹಾಕಿದ್ದೀರಿ. ಈ ಕೆಲಸಕ್ಕೆ ಕಡಿಮೆ ಗದ್ದಲದ ವಿಶೇಷ ಕೇಬಲ್ಲೇ ಬೇಕು, ಅದನ್ನೂ ಅಲುಗದಂತೆ ಕಟ್ಟಬೇಕು.

ದುರಸ್ತಿಯ ನಂತರ

ಸೆಲ್ ಬದಲಿಸಿದ್ದರೆ ಅದೇ ಸಾಮರ್ಥ್ಯ, ಅದೇ ಮಿಲಿವೋಲ್ಟ್/ವೋಲ್ಟ್, ಅದೇ ಓಂ ಇರುವುದನ್ನೇ ಹಾಕಿ; ಸಮಾಂತರದಲ್ಲಿ ಒಂದು ಬೇರೆಯಾದರೂ ಮೂಲೆಗಳು ಒಪ್ಪುವುದಿಲ್ಲ. ವಿದ್ಯುತ್ ಕೊಟ್ಟು ಅರ್ಧ ಗಂಟೆ ಬೆಚ್ಚಗಾಗಲು ಬಿಡಿ. ಪೂರ್ಣ ಸಾಮರ್ಥ್ಯದ ಹತ್ತಿರದ ಭಾರವನ್ನು ಮೂರು ಸಲ ಹೇರಿ ಇಳಿಸಿ, ಜೋಡಣೆಗಳು ತಮ್ಮ ಜಾಗದಲ್ಲಿ ಕೂರಲಿ. ಬೋಲ್ಟ್‌ಗಳ ಟಾರ್ಕ್ ಇನ್ನೊಮ್ಮೆ ನೋಡಿ. ಮೂಲೆ ಪರೀಕ್ಷೆ ಆದ ಮೇಲೆ ಕ್ಯಾಲಿಬ್ರೇಷನ್, ಅದಾದ ಮೇಲೆ ಏರಿಕೆ ಇಳಿಕೆಯ ಹಂತಗಳು. ಕೊನೆಗೆ ಒಂದು ಭಾರವನ್ನು ಅರ್ಧ ಗಂಟೆ ಹಾಗೇ ಬಿಟ್ಟು ಅಂಕಿ ಎಷ್ಟು ತೆವಳುತ್ತದೆ ನೋಡಿ. ಡೇಟಾಶೀಟ್ ಹೇಳಿದ ಮಿತಿಯೊಳಗಿದ್ದರೆ ಆ ದಿನದ ಸೊನ್ನೆ, ಸ್ಪ್ಯಾನ್, ಆರು ಜೋಡಿಗಳ ಓಂ, 100 ಕಿಲೋಓಂ ಏರಿಕೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಜಂಕ್ಷನ್ ಬಾಕ್ಸಿನ ಮುಚ್ಚಳದ ಒಳಬದಿಗೆ ಅಂಟಿಸಿ.